ಆಲೆಮನೆಗೆ ಹೊಸ ಆಳುಗಳು: ಗಾಣ ಮುಟ್ಟುವ ಮೊದಲು ಏನು ಕಲಿಸಬೇಕು?

ಕೆರಗೋಡು ಆಲೆ
ಮಂಡ್ಯ ತಾಲ್ಲೂಕಿನ ಆಲೆಮನೆ. ಮೂರು ರೋಲಿನ ಗಾಣ, 10 ಎಚ್‌ಪಿ ಮೋಟಾರು, ಚಪ್ಪಟೆ ಬೆಲ್ಟು, ಎರಡು ಕೊಪ್ಪರಿಗೆ. ಬರುವ ವಾರದಿಂದ ಒಂಬತ್ತು ಜನ ಕೆಲಸಕ್ಕೆ. ಆರು ಮಂದಿ ಉತ್ತರ ಪ್ರದೇಶದವರು, ಕನ್ನಡ ಬಾರದು. ಅವರಲ್ಲಿ ಇಬ್ಬರು ಗಾಣವನ್ನೇ ಕಂಡವರಲ್ಲ. ಕಬ್ಬು ಅರೆಯಲು ಶುರು ಮಾಡುವ ಮೊದಲು ಒಂದು ದಿನ ಪೂರ್ತಿ ತರಬೇತಿಗೆ ಬಿಟ್ಟಿದ್ದೇವೆ. ಯಾವುದು ಮೊದಲು, ಯಾವುದು ಆಮೇಲೆ? ‘ಹುಷಾರಾಗಿರಿ’ ಅನ್ನುವ ಮಾತು ಬೇಡ, ಮಾಡಿ ತೋರಿಸುವಂಥದ್ದು ಹೇಳಿ.

ಮದ್ದೂರು ಫಿಟ್ಟರ್
ಆಳುಗಳಿಗಿಂತ ಮೊದಲು ಗಾಣವನ್ನು ಸಿದ್ಧ ಮಾಡಿ. ರೋಲಿನ ಬಾಯಿ ತೆರೆದಿಟ್ಟು ಎಷ್ಟು ಪಾಠ ಹೇಳಿದರೂ ನಿದ್ದೆಗಣ್ಣಿನ ಕೈ ಒಂದು ದಿನ ಒಳಗೆ ಹೋಗುತ್ತದೆ.

ಲೆಕ್ಕ ನೋಡಿ. 30 ಸೆಂ.ಮೀ. ಅಡ್ಡಳತೆಯ ರೋಲು ನಿಮಿಷಕ್ಕೆ 10 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 16 ಸೆಂ.ಮೀ. ಎಳೆದುಕೊಳ್ಳುತ್ತದೆ. ಬೆರಳ ತುದಿ ಸಿಕ್ಕಿದ ಮೂರು ಸೆಕೆಂಡಿಗೆ ಮೊಣಕೈ ಒಳಗಿರುತ್ತದೆ. ಯಾರೋ ಕೂಗಿ, ಇನ್ಯಾರೋ ಸ್ವಿಚ್ಚಿಗೆ ಓಡುವಷ್ಟು ಹೊತ್ತು ಇರುವುದಿಲ್ಲ. ನಿಧಾನಕ್ಕೆ ತಿರುಗುವುದರಿಂದಲೇ ಜನ ಅದಕ್ಕೆ ಹೆದರುವುದಿಲ್ಲ.

ಆದ್ದರಿಂದ ಕಬ್ಬು ಕೊಡುವ ಕಡೆ ತಗಡಿನ ಗೂಡು ಮಾಡಿಸಿ. ಬಾಯಿಯ ಎತ್ತರ 12 ಸೆಂ.ಮೀ. ದಾಟಬಾರದು, ಉದ್ದ ಮೂರು ಅಡಿಗೆ ಕಡಿಮೆ ಇರಬಾರದು. ತೋಳು ಪೂರ್ತಿ ತೂರಿಸಿದರೂ ರೋಲು ಸಿಗಬಾರದು, ಅಷ್ಟೇ ಅಳತೆ. ಹಲ್ಲುಚಕ್ರಕ್ಕೂ ಬೆಲ್ಟಿಗೂ ಮುಚ್ಚಳ. ರಚ್ಚು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಹೊರಬೀಳುವ ಕಡೆಯನ್ನು ಎಲ್ಲರೂ ಮರೆಯುತ್ತಾರೆ. ಅಲ್ಲಿ ರಚ್ಚು ಸುತ್ತಿಕೊಂಡಾಗ ಕೈಯಲ್ಲಿ ಕೀಳುವ ಚಟ ಎಲ್ಲರಿಗೂ ಇದೆ. ಆ ಕಡೆಗೂ ತಡೆ ಬೇಕು, ಎಳೆಯಲು ಉದ್ದ ಕಾವಿನ ಕೊಕ್ಕೆ ಇಡಿ. ಯಂತ್ರದ ಅಪಾಯದ ಭಾಗಕ್ಕೆ ಬೇಲಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಹೇಳಿತ್ತು. ನಿಮ್ಮದು ಕಾರ್ಖಾನೆ ಲೆಕ್ಕಕ್ಕೆ ಬರಲಿ, ಬಿಡಲಿ, ರೋಲಿಗೆ ಅದು ಗೊತ್ತಾಗುವುದಿಲ್ಲ.

ಕೆಂಪು ಗುಂಡಿಯ ಸ್ಟಾಪ್ ಸ್ವಿಚ್ಚು ಕಬ್ಬು ಕೊಡುವವನ ಕೈಗೇ ಸಿಗಬೇಕು, ಗೋಡೆಯ ಮೇಲಲ್ಲ. ಒತ್ತಿದ ಮೇಲೆ ರೋಲು ಎಷ್ಟು ಸುತ್ತಿ ನಿಲ್ಲುತ್ತದೆಂದು ಖಾಲಿ ಗಾಣದಲ್ಲಿ ಪ್ರತಿಯೊಬ್ಬರಿಂದಲೂ ಎಣಿಸಿ. ಸ್ವಿಚ್ಚು ಆರಿದರೆ ಗಾಣ ಆಗಲೇ ನಿಂತಿತು ಅಂದುಕೊಂಡವರಿಗೆ ಅದೇ ಮೊದಲ ಪಾಠ.

ಒಲೆ ಪಾಕ
ಗಾಣದ ಮಾತು ಒಪ್ಪಿದೆ. ಆದರೆ ಕೊಪ್ಪರಿಗೆ ಹತ್ತಿರ ನಿಲ್ಲುವವರನ್ನು ಬಿಡಬೇಡಿ. ಅಚ್ಚು ಬೆಲ್ಲದ ಹದಕ್ಕೆ ಬಂದ ಪಾಕ 116ರಿಂದ 118 ಡಿಗ್ರಿ ಇರುತ್ತದೆ. ಕುದಿನೀರಿನ ಹಾಗೆ ಮೈಮೇಲಿಂದ ಜಾರಿಹೋಗುವುದಿಲ್ಲ, ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಅದಕ್ಕೇ ಪಾಕದ ಸುಟ್ಟಗಾಯ ಆಳ.

200 ಲೀಟರಿನ ಡ್ರಮ್ಮು ತುಂಬ ತಣ್ಣೀರು, ನಲ್ಲಿಗೆ ಪೈಪು, ಇವೆರಡೂ ಕೊಪ್ಪರಿಗೆಯಿಂದ ಹತ್ತು ಹೆಜ್ಜೆಯೊಳಗೆ. ಪಾಕ ಬಿದ್ದರೆ ಒರೆಸಬೇಡಿ, ನೀರು ಬಿಡಿ. 20 ನಿಮಿಷ ಬಿಡದೆ ಹರಿಸಿ. ಉಂಗುರ, ಕಡಗ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ. ಟೂತ್‌ಪೇಸ್ಟು, ಅರಿಶಿನ, ಇಂಕು, ಐಸು ಯಾವುದೂ ಬೇಡ. ಆಮೇಲೆ ತೆಳುವಾದ ಶುದ್ಧ ಬಟ್ಟೆ ಹೊದಿಸಿ ಆಸ್ಪತ್ರೆಗೆ. ಇದನ್ನು ಬಾಯಲ್ಲಿ ಹೇಳದೆ ಒಬ್ಬನ ಕೈ ಹಿಡಿದು 20 ನಿಮಿಷ ಗಡಿಯಾರ ನೋಡಿ ನೀರು ಬಿಡಿಸಿ. ಅದು ಎಷ್ಟು ದೀರ್ಘ ಅನ್ನುವುದು ಆಗಲೇ ತಿಳಿಯುವುದು. ಸಾಮಾನ್ಯವಾಗಿ ಜನ ಎರಡು ನಿಮಿಷಕ್ಕೇ ಬಿಟ್ಟುಬಿಡುತ್ತಾರೆ.

ನೊರೆ ಉಕ್ಕಿದಾಗ ಬಗ್ಗಿ ತೋಡಲು ಹೋಗುವುದೇ ಬೀಳುವ ಸಮಯ. ಒಂದಿಷ್ಟು ಹರಳೆಣ್ಣೆ ಹಾಕಿದರೆ ನೊರೆ ಇಳಿಯುತ್ತದೆ, ಎಣ್ಣೆ ಬಾಟಲಿ ಕೈಗೆಟುಕುವಲ್ಲಿರಲಿ. ಕಬ್ಬಿನ ಹಾಲು, ಮಡ್ಡಿ ಬಿದ್ದು ನೆಲ ಜಾರುತ್ತದೆ. ಪ್ರತಿ ಕೊಪ್ಪರಿಗೆ ಇಳಿಸಿದ ಮೇಲೆ ಬೂದಿ ಎರಚಿ ಗುಡಿಸಿ. ಕೊಪ್ಪರಿಗೆ ಎಳೆಯುವ ದಾರಿಯಲ್ಲಿ ಅಚ್ಚಿನ ಮಣೆ, ಬಕೆಟ್ಟು, ಮಕ್ಕಳು ಯಾರೂ ಏನೂ ಇರಬಾರದು.

ಬೆಲ್ಲದ ಬಣ್ಣ ತಿಳಿಯಾಗಲು ಹಾಕುವ ಹೈಡ್ರೋಸ್ ಪುಡಿ ಬಳಸದಿರುವುದೇ ಒಳ್ಳೆಯದು. ಇದ್ದರೆ ಒಣ ಡಬ್ಬಿ, ಒಣ ಚಮಚ. ಒದ್ದೆ ಕೈ ಹಾಕಿದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ, ಗಂಧಕದ ಹೊಗೆ ಗಂಟಲು ಹಿಡಿಯುತ್ತದೆ.

ಮೈಸೂರು ಸುರಕ್ಷತೆ
ಕಲಿಸುವ ರೀತಿಯ ಬಗ್ಗೆ. ಒಂಬತ್ತು ಜನರನ್ನೂ ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದರೆ ದಿನ ವ್ಯರ್ಥ. ಮೂವರ ಗುಂಪು ಮಾಡಿ. ಹಿಂದಿ ಬಲ್ಲ ಹಳಬನೊಬ್ಬ ಒಮ್ಮೆ ಮಾತಿಲ್ಲದೆ ಮಾಡಿ ತೋರಿಸಲಿ, ಎರಡನೇ ಸಲ ಕಾರಣ ಹೇಳುತ್ತ. ಮೂರನೇ ಸಲ ಹೊಸಬನೇ ಮಾಡುತ್ತ ಕಾರಣ ಹೇಳಲಿ. ‘ಗೊತ್ತಾಯ್ತಾ?’ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ರಚ್ಚು ಕಟ್ಟಿದೆ, ಈಗೇನು ಮಾಡ್ತೀಯ?’ ಅಂತ ಕೇಳಿ, ಕೈ ಎತ್ತ ಹೋಗುತ್ತದೆ ನೋಡಿ. ‘ನಿಲ್ಲಿಸು’ ಅನ್ನುವುದಕ್ಕೆ ಒಂದೇ ಪದ ಇರಲಿ, ಕನ್ನಡದವರಿಗೂ ಅದೇ. ‘ರುಕೋ’ ಸಾಕು. ಯಾರು ಕೂಗಿದರೂ ಗಾಣ ನಿಲ್ಲಬೇಕು.

ಉಡುಪನ್ನು ಅಂದೇ ನೋಡಿ. ಕೊರಳ ಟವೆಲ್ಲು, ಪಂಚೆಯ ತುದಿ, ಸೆರಗು, ಜೋತಾಡುವ ಜಡೆ, ಗುಂಡಿ ಹಾಕದ ತೋಳು ಗಾಣದ ಹತ್ತಿರ ಬರಬಾರದು. ಕೈಗವಸಿನ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ: ರೋಲಿನ ಹತ್ತಿರ ಗವಸು ಬೇಡ, ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದೊಯ್ಯುತ್ತದೆ. ಒಲೆಯ ಹತ್ತಿರ ಬೇಕು.

ಕೊಪ್ಪರಿಗೆ ಲೆಕ್ಕದಲ್ಲಿ ಕೂಲಿ ಕೊಡುವುದಾದರೆ ಗಾಣ ನಿಲ್ಲಿಸಿದವನಿಗೇ ನಷ್ಟ. ಆಗ ನೀವು ಕಲಿಸಿದ್ದನ್ನು ಕೂಲಿ ಅಳಿಸಿಹಾಕುತ್ತದೆ. ನಿಲ್ಲಿಸಿದ ಹೊತ್ತಿಗೂ ಕೂಲಿ ಇದೆ ಅಂತ ಮೊದಲ ದಿನವೇ ಎಲ್ಲರೆದುರು ಹೇಳಿ.

ಕೆರಗೋಡು ಆಲೆ
ಗೂಡಿಗೆ ಇವತ್ತೇ ಅಳತೆ ಕೊಟ್ಟೆ. ಕಟ್ಟಿದ ರಚ್ಚು ಬಿಡಿಸಲು ಸ್ವಿಚ್ಚು ಆರಿಸಿದರೆ ಸಾಕಾ? ನಮ್ಮಲ್ಲಿ ತ್ರೀ ಫೇಸ್ ಹೋಗಿ ಬರುತ್ತಿರುತ್ತದೆ. ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರನ್ನೇ ಗಾಣಕ್ಕೂ ಹಾಕಿದ್ದೇವೆ.

ಮದ್ದೂರು ಫಿಟ್ಟರ್
ಆಟೋ ಸ್ಟಾರ್ಟರನ್ನು ಇವತ್ತೇ ಬಿಚ್ಚಿ. ಕರೆಂಟು ಹೋದಾಗ ಗಾಣ ನಿಂತಿದೆಯಲ್ಲ ಅಂತ ಒಬ್ಬ ಕೈ ಹಾಕಿರುತ್ತಾನೆ, ಕರೆಂಟು ಬಂದ ತಕ್ಷಣ ಅದು ತಾನೇ ಓಡುತ್ತದೆ. ಗಾಣಕ್ಕೆ ನೋ-ವೋಲ್ಟ್ ಕಾಯಿಲ್ (ಕರೆಂಟು ಹೋದರೆ ಸ್ಟಾರ್ಟರನ್ನು ಬಿಡಿಸುವ ಸುರುಳಿ) ಇರುವ ಮಾಮೂಲು ಸ್ಟಾರ್ಟರ್ ಬೇಕು; ಮನುಷ್ಯ ಬಂದು ಹಸಿರು ಗುಂಡಿ ಒತ್ತಿದರಷ್ಟೇ ಶುರುವಾಗಬೇಕು. ಆ ಗುಂಡಿಗೆ ಕಡ್ಡಿ ಸಿಕ್ಕಿಸಿಡುವವರಿದ್ದಾರೆ, ಅದೂ ಬೇಡ.

ಸ್ವಿಚ್ಚು ಆರಿಸಿದರೆ ಸಾಲದು. ಮೇನ್ ಇಳಿಸಿ, ಮೂರೂ ಫ್ಯೂಸ್ ಕ್ಯಾರಿಯರ್ ಕಿತ್ತು ಕೈ ಹಾಕುವವನ ಜೇಬಿನಲ್ಲೇ ಇರಲಿ, ಮೇಸ್ತ್ರಿಯ ಹತ್ತಿರ ಅಲ್ಲ. ಬೀಗ ಹಾಕುವಂಥ ಮೇನ್ ಇದ್ದರೆ ಇನ್ನೂ ಒಳ್ಳೆಯದು, ಕೀಲಿ ಅವನದೇ. ಆಮೇಲೆ ಹಸಿರು ಗುಂಡಿ ಒಮ್ಮೆ ಒತ್ತಿ ನೋಡಿ, ಗಾಣ ಅಲ್ಲಾಡದಿದ್ದರೆ ಕೊಕ್ಕೆ ಹಾಕಿ. ಡೀಸೆಲ್ ಎಂಜಿನ್ನಾದರೆ ನಿಲ್ಲಿಸಿ ಬೆಲ್ಟು ಕಳಚಿ.

ಕೈ ಸಿಕ್ಕಿಬಿಟ್ಟರೆ ಗಾಣವನ್ನು ಹಿಂದಕ್ಕೆ ತಿರುಗಿಸಬೇಡಿ, ಅದೇ ಕೈ ಇನ್ನೊಮ್ಮೆ ಅರೆಯುತ್ತದೆ. ರೋಲು ಬಿಗಿ ಮಾಡುವ ಬೋಲ್ಟು ಸಡಿಲಿಸಿ ರೋಲು ಅಗಲಿಸಬೇಕು. ಆ ಬೋಲ್ಟಿಗೆ ಸರಿಹೊಂದುವ ಸ್ಪ್ಯಾನರು ಗಾಣದ ಚೌಕಟ್ಟಿಗೇ ಸರಪಳಿಯಲ್ಲಿ ಕಟ್ಟಿರಲಿ. ಒಬ್ಬ ಸಡಿಲಿಸುವಾಗ ಇನ್ನೊಬ್ಬ 108ಕ್ಕೆ ಫೋನು ಮಾಡಬೇಕು. ಆಲೆಮನೆಗೆ ಬರುವ ದಾರಿಯ ಗುರುತನ್ನು ಕನ್ನಡದಲ್ಲೂ ಹಿಂದಿಯಲ್ಲೂ ಫೋನಿನ ಪಕ್ಕದ ಗೋಡೆಗೆ ಬರೆದಿಡಿ. ಬೋಲ್ಟಿಗೆ ವಾರಕ್ಕೊಮ್ಮೆ ಗ್ರೀಸು ಹಾಕಿ, ತುಕ್ಕು ಹಿಡಿದರೆ ಆ ಹೊತ್ತಿಗೆ ಬಿಚ್ಚಲು ಬರುವುದಿಲ್ಲ.