‘ಸಾರ’ ಎಂದರೆ ಯಾವ ಸಾರ?

ಬಳಗದವರಿಗೆ ನಮಸ್ಕಾರ.

ಕುಡಿತದಿಂದ ಮೂತ್ರಪಿಂಡಕ್ಕೆ ಆಗುವ ಹಾನಿಯನ್ನು ಗಿಡಗಳ ‘ಎಕ್ಸ್‌ಟ್ರಾಕ್ಟ್’ ತಡೆದೀತೇ ಎಂದು ಇಲಿಗಳಲ್ಲಿ ಪರೀಕ್ಷಿಸುವ ಪ್ರಯೋಗಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಜ್ಞಾನದ ಭಾಗ ಅಷ್ಟೇನೂ ಕಾಡಲಿಲ್ಲ. ಮದ್ಯದಲ್ಲಿರುವ ಎಥನಾಲ್ ದೇಹದಲ್ಲಿ ಒಡೆದು ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಆಗುತ್ತದೆ, ಜೊತೆಗೆ ಹುಟ್ಟುವ ಆಕ್ಸಿಜನ್ ರ‍್ಯಾಡಿಕಲ್‌ಗಳು ಜೀವಕೋಶಗಳನ್ನು ಕೆಡಿಸುತ್ತವೆ, ಮೂತ್ರಪಿಂಡ ಸೋತರೆ ರಕ್ತದಲ್ಲಿ ಯೂರಿಯಾ, ಕ್ರಿಯಾಟಿನಿನ್ ಎಂಬ ಕಶ್ಮಲಗಳು ಏರುತ್ತವೆ. ನಾನು ಸಿಕ್ಕಿಬಿದ್ದದ್ದು ಎಕ್ಸ್‌ಟ್ರಾಕ್ಟಿನಲ್ಲಿ.

ನಿಘಂಟಿನಲ್ಲಿ ‘ಸಾರ’ ಎಂದಿದೆ. ಆದರೆ ಎಥನಾಲಿಗೆ ನಮ್ಮ ಪಠ್ಯಪುಸ್ತಕದ ಹೆಸರೇ ‘ಮದ್ಯಸಾರ’. ಇಂಥ ಪ್ರಯೋಗಗಳಲ್ಲಿ ಎಲೆಯ ಪುಡಿಯನ್ನು ನೆನೆಸುವುದೂ ಎಷ್ಟೋ ಸಲ ಅದರಲ್ಲೇ. ಹೀಗಾಗಿ ನನ್ನ ಕರಡಿನಲ್ಲಿ ಈ ವಾಕ್ಯ ಬಂದು ಕುಳಿತಿತು: “ಮದ್ಯಸಾರದಿಂದ ಹಾನಿಗೊಂಡ ಇಲಿಗಳಿಗೆ ಎಲೆಯ ಮದ್ಯಸಾರದ ಸಾರವನ್ನು ಕುಡಿಸುತ್ತಾರೆ.” ಪಾಪದ ಇಲಿಗೆ ಇನ್ನೊಂದು ಸುತ್ತು ಹೊಯ್ದರು ಎಂದೇ ಓದುಗರು ತಿಳಿದಾರು! ನಿಜಕ್ಕೂ ನಡೆಯುವುದು ಬೇರೆ. ನೆನೆಸಿ ಸೋಸಿದ ಮೇಲೆ ಎಥನಾಲನ್ನು ಆವಿಯಾಗಿಸಿ ಕಳೆಯುತ್ತಾರೆ. ತಳದಲ್ಲಿ ಅಂಟಂಟಾದ ಕಡುಬಣ್ಣದ ಮಡ್ಡಿ ಉಳಿಯುತ್ತದೆ. ಇಲಿಯ ಹೊಟ್ಟೆಗೆ ಹೋಗುವುದು ಅದು, ನೀರಿನಲ್ಲಿ ಕದಡಿ.

‘ಕಷಾಯ’ ಎನ್ನೋಣವೆಂದರೆ ಕುದಿಸಿದ್ದು ಎಂಬ ಅರ್ಥ ಗಟ್ಟಿಯಾಗಿ ನಿಂತಿದೆ. ಆಯುರ್ವೇದ ಹೇಳುವ ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂಬ ಐದು ಕಷಾಯಗಳಲ್ಲಿ ಕುದಿಸಿ ಇಳಿಸುವುದು ಕ್ವಾಥವನ್ನಷ್ಟೇ; ಆದರೆ ಅದನ್ನು ಈಗ ಯಾರಿಗೆ ಹೇಳುವುದು? ‘ಅರ್ಕ’ ಭಟ್ಟಿ ಇಳಿಸಿದ್ದು. ‘ಆಸವ’ ಹುದುಗಿದ್ದು, ಅದರೊಳಗೆ ತಾನಾಗಿ ಮದ್ಯ ಹುಟ್ಟಿರುತ್ತದೆ. ಈ ಬರಹಕ್ಕಂತೂ ಅದು ಬೇಡವೇ ಬೇಡ.

‘ಸತ್ವ’ ಹತ್ತಿರ ಬರುತ್ತದೆ, ‘ಘನಸತ್ವ’ ಇನ್ನೂ ಹತ್ತಿರ. ನನ್ನ ತಕರಾರು ‘ಸತ್ವ’ ಎಂಬ ಪದಕ್ಕೆ ಅಂಟಿಕೊಂಡಿರುವ ಒಳ್ಳೆಯತನದ ಬಗ್ಗೆ. 1993ರಲ್ಲಿ ಬೆಲ್ಜಿಯಂನ ವೈದ್ಯರು, ತೂಕ ಇಳಿಸಲು ಗಿಡಮೂಲಿಕೆ ಸೇವಿಸಿದ ಮಹಿಳೆಯರ ಮೂತ್ರಪಿಂಡ ಕೆಟ್ಟದ್ದನ್ನು ವರದಿ ಮಾಡಿದರು. ಅದಕ್ಕೆ ಕಾರಣ ಅರಿಸ್ಟೊಲೋಕಿಯ ಗಿಡದ ಆಮ್ಲ ಎಂದು ಆಮೇಲೆ ಗೊತ್ತಾಯಿತು. ಅದರ ಎಕ್ಸ್‌ಟ್ರಾಕ್ಟನ್ನೂ ‘ಸತ್ವ’ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಸದ್ಯ ಎಥನಾಲನ್ನು ಎಥನಾಲ್ ಎಂದೇ ಬಿಟ್ಟು, ‘ಎಥನಾಲಿನಲ್ಲಿ ತೆಗೆದ ಸಾರ’ ಎಂದು ಬರೆದುಕೊಂಡಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಿಲ್ಲ.

ಕರಡಿನ ಆ ಮೊದಲ ವಾಕ್ಯದಲ್ಲಿ ಇನ್ನೊಂದು ತಪ್ಪೂ ಇತ್ತು, ಎರಡು ದಿನ ಕಣ್ಣಿಗೆ ಬೀಳಲಿಲ್ಲ: ‘ಹಾನಿಗೊಂಡ’. ಎಷ್ಟೋ ಪ್ರಯೋಗಗಳಲ್ಲಿ ಸಾರವನ್ನು ಕೊಡುವುದು ಮದ್ಯಕ್ಕೆ ಮೊದಲು ಅಥವಾ ಅದರ ಜೊತೆಜೊತೆಗೆ, ಕೆಟ್ಟ ಮೇಲಲ್ಲ. ‘ಮೂತ್ರಪಿಂಡ ರಕ್ಷಕ’ ಎಂದು ಬರೆದರೂ ಓದುವವರು ‘ಕಿಡ್ನಿಗೆ ಮದ್ದು’ ಎಂದೇ ಓದಿಕೊಳ್ಳುತ್ತಾರೆ. ‘ಕಾಪು’ ಸೊಗಸಾಗಿದೆ, ವಿಜ್ಞಾನದ ಬರಹದಲ್ಲಿ ನಿಂತೀತೇ? ‘ಹಾನಿತಡೆ’ ಎಂದು ಜೋಡಿಸಿದರೆ ಕಿವಿಗೆ ಒರಟೇ? ಮುಂಚಿತವಾಗಿ ಕಾಯುವುದು ಎಂಬ ಅರ್ಥವನ್ನಷ್ಟೇ ಕೊಡುವ, ವಾಸಿಮಾಡುವ ಭರವಸೆ ಸುಳಿಯದ ಪದ ಯಾರ ಬಳಿಯಾದರೂ ಇದ್ದರೆ ತಿಳಿಸಿ.