ಪದ ಬೇಕು: ಬೆಳ್ಳಿ ನಾಣ್ಯದ ‘ಗ್ರೇಡ್’ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ಹಳೆ ಬೆಳ್ಳಿ ನಾಣ್ಯ ಕೊಳ್ಳುವವರಿಗೆಂದು ಎರಡು ಪುಟದ ಕರಪತ್ರವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಪ್ರೆಸ್ಸಿಗೆ ಕೊಡಬೇಕು. ತೊಡಕಾಗಿರುವುದು ‘ಗ್ರೇಡ್’. ನಾಣ್ಯ ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂದು ನೋಡಿ ಹೇಳುವ ಮಾತು ಅದು. ‘ದರ್ಜೆ’ ಎಂದು ಬರೆದು ಇಲ್ಲಿನ ಸರಾಫ್ ಬಜಾರಿನಲ್ಲಿ ಒಬ್ಬ ಬೆಳ್ಳಿ-ಬಂಗಾರದ ವ್ಯಾಪಾರಿಗೆ ಓದಲು ಕೊಟ್ಟೆ. ‘ದರ್ಜೆ ಅಂದ್ರ ಟಂಚ್ ಏನ್ರಿ?’ ಅಂದರು. ಟಂಚ್ ಬೆಳ್ಳಿಯ ಚೊಕ್ಕತನಕ್ಕೆ ಸಂಬಂಧಿಸಿದ್ದು, ಸವಕಳಿಗಲ್ಲ. ಎರಡೂ ಬೆರೆತರೆ ಕೊಳ್ಳುವವರು ಕೆಟ್ಟರು.

ಇನ್ನೊಂದು ತೊಡಕು ‘ಫೈನ್’, ‘ವೆರಿ ಫೈನ್’ ಎಂಬ ಗ್ರೇಡುಗಳದ್ದು. ಉತ್ತಮ, ಅತ್ಯುತ್ತಮ ಎಂದು ಬರೆದುಬಿಡಬಹುದಿತ್ತು. ಆದರೆ ನಾಣ್ಯದ ಸ್ಥಿತಿಗೆ ಅಂಕ ಕೊಡುವ 70 ಅಂಕದ ಶೆಲ್ಡನ್ ಅಳತೆಯಲ್ಲಿ ‘ಫೈನ್’ ಬರುವುದು 12ರ ಮಟ್ಟಿಗೆ. ಸಾಕಷ್ಟು ಸವೆದ ನಾಣ್ಯ ಅದು. ಅದನ್ನು ‘ಉತ್ತಮ’ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ದಯವಿಟ್ಟು ಬೇಗ ತಿಳಿಸಿ.
— ಕಲಬುರಗಿ

*

ದರ್ಜೆ ಅರಬ್ಬಿ, ಬಿಡಿ. ‘ಮಟ್ಟ’ ಇದೆಯಲ್ಲ? ‘ಸವಕಳಿ ಮಟ್ಟ’ ಎನ್ನಿ, ಮುಗಿಯಿತು. ‘ಕಿಮ್ಮತ್ತು’ ಎಂದೇನಾದರೂ ಬರೆದಿದ್ದರೆ ತೆಗೆದು ‘ಬೆಲೆ’ ಮಾಡಿ. ಬೆಳ್ಳಿಗೆ ಬೆಳ್ ಎಂಬ ಬೇರು ನಮ್ಮದೇ ಇರುವಾಗ ಅದರ ಬೆಲೆ ಕಟ್ಟಲು ಹೊರಗಿನವರ ಪದ ಯಾಕೆ?
— ಮೈಸೂರು

*

‘ಅರಬ್ಬಿ, ಬಿಡಿ’ ಅಂತ ಒಂದೇ ಮಾತಿನಾಗ ಬಿಡಲಿಕ್ಕೆ ಬರಂಗಿಲ್ಲ ಸರ್. ನಮ್ಮ ಕಡೆ ಹಳೆ ರೂಪಾಯಿ ಅಂದರೆ ಎರಡೇ: ಹಾಲಿ, ಕಲ್ದಾರ್. ಹಾಲಿ ಸಿಕ್ಕಾ, ಅಂದರೆ ಹಾಲಿ ನಾಣ್ಯ, ಹೈದರಾಬಾದ್ ನಿಜಾಮರ ಟಂಕಸಾಲೆಯದು, ಕಲ್ದಾರ್ ಬ್ರಿಟಿಷರದು. ‘ಹಾಲಿ’ ಅಂದರೆ ಈಗ ನಡೆಯುತ್ತಿರುವುದು. ನಿಮ್ಮ ಕಡೆ ಪತ್ರಿಕೆಗಳು ದಿನಾ ‘ಹಾಲಿ ಶಾಸಕ’ ಅಂತ ಬರೆಯುವುದೂ ಅದೇ ಅರಬ್ಬಿ ಪದದಿಂದ. ಅಲ್ಲಿ ಯಾರೂ ತಕರಾರು ತೆಗೆದದ್ದು ನಾನು ಕಂಡಿಲ್ಲ.

ಪದ ಆಮೇಲೆ, ಮೊದಲು ವಸ್ತು ನೋಡಿ. ಹಾಲಿ ರೂಪಾಯಿ 11.18 ಗ್ರಾಂ, ನೂರಕ್ಕೆ 81.8 ಪಾಲು ಬೆಳ್ಳಿ. ಕಲ್ದಾರ್ 11.66 ಗ್ರಾಂ, ಅಂದರೆ ಒಂದು ತೊಲ, ಅದರಲ್ಲಿ 91.7 ಪಾಲು ಬೆಳ್ಳಿ. ಆಗ ಏಳು ಹಾಲಿಗೆ ಆರು ಕಲ್ದಾರ್ ಸಿಗುತ್ತಿದ್ದವು. ಏಳು ಹಾಲಿ ಕರಗಿಸಿದರೂ ಆರು ಕಲ್ದಾರ್ ಕರಗಿಸಿದರೂ ಹೆಚ್ಚುಕಡಿಮೆ 64 ಗ್ರಾಂ ಚೊಕ್ಕ ಬೆಳ್ಳಿಯೇ ಬರುತ್ತದೆ. ಇದು ಟಂಚಿನ ಲೆಕ್ಕ. 1940ರಿಂದ ಕಲ್ದಾರಿನಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಹಾಗಾಗಿ ಕೈಯೇ ತಾಗದಂತೆ ಹೊಳೆಯುವ 1944ರ ರೂಪಾಯಿಗಿಂತ, ಸವೆದು ಮಂಕಾದ 1919ರ ರೂಪಾಯಿಯಲ್ಲಿ ಬೆಳ್ಳಿ ಹೆಚ್ಚು. ಬರೀ ‘ಮಟ್ಟ’ ಅಂತ ಬರೆದರೆ ಓದುವವನು ಸವಕಳಿ, ಟಂಚ್ ಇವೆರಡರಲ್ಲಿ ಯಾವುದು ಅಂದುಕೊಳ್ಳಬೇಕು? ನೀವು ‘ಸವಕಳಿ’ ಸೇರಿಸಿದ್ದಕ್ಕೆ ಬಚಾವಾಯಿತು.

ಕಲಬುರಗಿಯವರೇ, ನಮ್ಮ ಕಡೆ ಬೆಳ್ಳಿ ರೂಪಾಯಿ ಬಹಳಷ್ಟು ಕೊರಳ ಸರದಿಂದ ಬಿಚ್ಚಿದವು. ಮೇಲ್ಗಡೆ ಅಂಚಿನಲ್ಲಿ ಕುಣಿಕೆ ಬೆಸೆದ ಗುರುತು ಇರುತ್ತದೆ. ಅರದಿಂದ ಉಜ್ಜಿ ಮುಚ್ಚಿರುತ್ತಾರೆ, ಆದರೆ ಅಷ್ಟು ಜಾಗದಲ್ಲಿ ಅಂಚಿನ ಗೀರು ಅಳಿಸಿಹೋಗಿರುತ್ತದೆ, ಉಗುರಾಡಿಸಿದರೆ ತಿಳಿಯುತ್ತದೆ. ಹುಣಸೆಹುಳಿ ಹಚ್ಚಿ ತಿಕ್ಕಿದ ನಾಣ್ಯವೂ ಅಷ್ಟೇ. ಫಳಫಳ ಅಂತದ, ಆದರೆ ಸಂಗ್ರಹಕಾರ ಕೇಳುವುದು ಕಾಲ ಕಟ್ಟಿದ ಆ ಕಪ್ಪು ಬಣ್ಣವನ್ನು. ಇವೆರಡಕ್ಕೂ ಕರಪತ್ರದಲ್ಲಿ ಪದ ಬೇಕೇ ಬೇಕು: ‘ಬೆಸುಗೆ ಬಿದ್ದದ್ದು’, ‘ತಿಕ್ಕಿದ್ದು’. ಗ್ರೇಡಿಗೆ ‘ದರ್ಜೆ’ಯೇ ಇರಲಿ. ಟಂಚನ್ನು ಟಂಚ್ ಅಂತಲೇ ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ. ಸರಾಫರಿಗೂ ಗೊಂದಲ ಆಗಂಗಿಲ್ಲ.
— ಬೀದರ್

*

ಕಲ್ದಾರ್ ಎಂಬುದು ‘ಕಲ್ಲು’ ಎಂಬುದರಿಂದಲೇ ಬಂದಿರಬೇಕು. ಒರೆಗಲ್ಲಿಗೆ ತೀಡಿ ನೋಡಿದ್ದು ಎಂದರ್ಥ. ಆಮೇಲೆ ಬೇರೆಯವರು ಎತ್ತಿಕೊಂಡಿದ್ದಾರೆ.
— ಮೈಸೂರು

*

ಇಲ್ಲ. ‘ಕಲ್’ ಹಿಂದೂಸ್ತಾನಿಯಲ್ಲಿ ಯಂತ್ರ. ಯಂತ್ರದಲ್ಲಿ ಹೊಡೆದ ನಾಣ್ಯ ಕಲ್ದಾರ್. ಕೇಳಲು ಹತ್ತಿರ ಇದ್ದದ್ದೆಲ್ಲ ಕನ್ನಡ ಆಗುವುದಿಲ್ಲ.

ಅಚ್ಚಗನ್ನಡವೇ ಬೇಕೆಂದರೆ ಹಳೆಯದೊಂದು ಇದೆ: ನೋಟ. ನಾಣ್ಯ ಪರೀಕ್ಷೆ ಮಾಡುವವನಿಗೆ ‘ನೋಟಗಾರ’ ಎಂದು ಹೆಸರಿತ್ತು. ಸರಾಫ ಮಾಡುತ್ತಿದ್ದ ಕೆಲಸವೇ. ಕರಪತ್ರದ ತಲೆಬರಹಕ್ಕೆ ‘ಬೆಳ್ಳಿ ನಾಣ್ಯದ ನೋಟ’ ಚೆನ್ನಾಗಿ ಒಪ್ಪುತ್ತದೆ. ಆದರೆ ಅದು ಪರೀಕ್ಷೆಗೆ ಹೆಸರು, ಅದರ ಫಲಿತಾಂಶಕ್ಕಲ್ಲ, ಗ್ರೇಡಿಗೆ ಒಗ್ಗದು. ನಮ್ಮ ಗುರುಮಠಕಲ್ ಕಡೆ ತೆಲುಗು ಬಲ್ಲವರಿಗೆ ‘ನಾಣ್ಯ’ ಅಂದರೇನೇ ಗುಣಮಟ್ಟ, ಒಳ್ಳೆ ಮಾಲು ಅಂದರೆ ‘ನಾಣ್ಯಮೈನ’ ಮಾಲು. ಇಂಥ ಊರಲ್ಲಿ ಕೂತು ಪದಕ್ಕೆ ಗಡಿ ಹಾಕುವುದು ನನ್ನ ಮಟ್ಟಿಗೆ ವ್ಯರ್ಥ ಕೆಲಸ.
— ಯಾದಗಿರಿ

*

ಗಡಿ ಯಾರೂ ಹಾಕುತ್ತಿಲ್ಲ. ಇರುವ ಪದವನ್ನು ಬಳಸಿ ಎಂದೆ. ಎಲ್ಲದಕ್ಕೂ ‘ಜನ ಬಳಸ್ತಾರೆ’ ಎಂಬ ಉತ್ತರವಾದರೆ ಈ ಪದಚರ್ಚೆಯೇ ಬೇಡ, ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಬರೆದರಾಯಿತು.
— ಮೈಸೂರು

*

ಸರ್, ಬಜಾರಿನಾಗ ನೂರು ವರ್ಷದಿಂದ ಆಡುವ ಮಾತು ಬೇರೆ, ಮೊನ್ನೆ ಬಂದ ಇಂಗ್ಲಿಷು ಬೇರೆ. ಸರಾಫ, ಸಿಕ್ಕಾ, ಕಿಮ್ಮತ್ತು ನಮ್ಮ ಅಜ್ಜಿಯ ಬಾಯಿಂದ ಬಂದ ಕನ್ನಡ. ಅದಕ್ಕ ಪರದೇಶಿ ಅಂದರೆ ನಮಗೇ ಅಂದಂಗ.
— ಬೀದರ್

*

ಎಲ್ಲರಿಗೂ ಧನ್ಯವಾದ. ತಲೆಬರಹ ‘ಬೆಳ್ಳಿ ನಾಣ್ಯದ ನೋಟ’. ಒಳಗೆ ಮೂರು ಅಂಕಣ: ಸವಕಳಿ ದರ್ಜೆ, ಟಂಚ್, ಕಿಮ್ಮತ್ತು. ‘ಫೈನ್’, ‘ವೆರಿ ಫೈನ್’ಗಳನ್ನು ಹಾಗೇ ಕನ್ನಡ ಲಿಪಿಯಲ್ಲಿಟ್ಟು, ಕಣ್ಣಿಗೆ ಏನು ಕಾಣಬೇಕೆಂದು ಎದುರಿಗೆ ಬರೆಯುತ್ತಿದ್ದೇನೆ. ‘ಫೈನ್: ಅಕ್ಷರವೆಲ್ಲ ಓದಬರುತ್ತದೆ, ವಿಕ್ಟೋರಿಯಾ ರಾಣಿಯ ಕೂದಲೆಳೆ ಕೂಡಿಕೊಂಡು ನುಣುಪಾಗಿದೆ.’ ಉಳಿದವೂ ಹೀಗೇ. ಎಲ್ಲಕ್ಕಿಂತ ಮೇಲಿನದು ‘ಚಲಾವಣೆ ಕಾಣದ್ದು’. ಚಾರ್ಮಿನಾರ್ ಚಿತ್ರವಿರುವ ಹಾಲಿ ರೂಪಾಯಿಗೆ ಒಂದು ಸಾಲು ಹೆಚ್ಚು ಸೇರಿಸಿದ್ದೇನೆ: ಬಾಗಿಲೊಳಗಿನ ಉರ್ದು ಅಕ್ಷರ ಮೀಮ್ ಆದರೆ ನಿಜಾಮ ಮಹಬೂಬ್ ಅಲಿ ಖಾನರದು, ಐನ್ ಆದರೆ ನಿಜಾಮ ಉಸ್ಮಾನ್ ಅಲಿ ಖಾನರದು, ಅದು ಸವೆದಿದ್ದರೆ ಚೌಕಾಸಿ ಮಾಡಿ.

‘ತಿಕ್ಕಿದ್ದು’ ಬದಲು ‘ಉಜ್ಜಿದ್ದು’ ಆದೀತೇ? ನಾಳೆ ಸಂಜೆಯೊಳಗೆ ಹೇಳಿದರೆ ತಿದ್ದುತ್ತೇನೆ.
— ಕಲಬುರಗಿ

*

ತಿಕ್ಕಿದ್ದೇ ಇರಲಿ. ಉಜ್ಜಿದ್ದು ಅಂದರೆ ಅರ ಹಾಕಿದ್ದಕ್ಕೂ ಅನ್ನುತ್ತಾರೆ.
— ಬೀದರ್