ಅಳಲೆಕಾಯಿ ಪಂಡಿತನ ಪಕ್ಕದಲ್ಲಿ ಚಿತ್ರಕಾರನಿಗೇನು ಕೆಲಸ?

ಪ್ರಶ್ನೆ:
ಡಚ್ ಕಲಾವಿದ ಖೆರಿಟ್ ಡೌ 1652ರಲ್ಲಿ ಬರೆದ ‘ನಕಲಿ ವೈದ್ಯ’ ಚಿತ್ರದ ಬಗ್ಗೆ ನನಗೊಂದು ಸಂದೇಹವಿದೆ. ಮೇಜಿನ ಹಿಂದೆ ನಿಂತ ಅಳಲೆಕಾಯಿ ಪಂಡಿತ ಔಷಧದ ಸೀಸೆ ಹಿಡಿದು ಭಾಷಣ ಬಿಗಿಯುತ್ತಿದ್ದಾನೆ. ಎದುರಿಗೆ ಮೊಹರು ಹಾಕಿದ ಪ್ರಮಾಣಪತ್ರವಿದೆ. ಮೈಮರೆತು ಕೇಳುತ್ತಿರುವ ಹೆಂಗಸಿನ ಜೇಬಿಗೆ ಹುಡುಗನೊಬ್ಬ ಕೈ ಹಾಕಿದ್ದಾನೆ. ಮುಂಭಾಗದಲ್ಲಿ ತಾಯಿಯೊಬ್ಬಳು, ಇದಾವುದರ ಗೊಡವೆಯೂ ಇಲ್ಲದೆ, ಮಗುವಿನ ಕುಂಡೆ ಒರೆಸುತ್ತಿದ್ದಾಳೆ. ಇಷ್ಟೆಲ್ಲ ಅರ್ಥವಾಗುತ್ತದೆ. ಆದರೆ ಪಂಡಿತನ ಹಿಂದಿನ ಕಿಟಕಿಯಲ್ಲಿ, ಬಣ್ಣದ ಹಲಗೆ ಹಿಡಿದು, ಡೌ ತಾನೇ ನಮ್ಮತ್ತ ನೋಡುತ್ತಿರುವುದೇಕೆ?

ಉತ್ತರ 1:
ಹೋಲಿಕೆಗೆ ಡಚ್ ಕಲಾವಿದ ಹಿರೋನಿಮಸ್ ಬಾಷ್‌ನ (ಅಥವಾ ಅವನ ಅನುಯಾಯಿಯ) ‘ಗಾರುಡಿಗ’ ಚಿತ್ರವನ್ನು ನೋಡಿ. ಅಲ್ಲಿ ಬಟ್ಟಲು-ಗೋಲಿಗಳ ಆಟದತ್ತ ಬಗ್ಗಿದವನ ಬಾಯಿಂದ ಕಪ್ಪೆ ಹೊರಬರುತ್ತಿದೆ. ಅವನ ಬೆನ್ನ ಹಿಂದೆ ನಿಂತವನು ಆಕಾಶ ನೋಡುವವನಂತೆ ನಟಿಸುತ್ತ ಹಣದ ಚೀಲಕ್ಕೆ ಕೈಯಿಟ್ಟಿದ್ದಾನೆ. ಅಲ್ಲಿ ನಗೆಪಾಟಲಿಗೆ ಈಡಾಗುವವನು ಗಾರುಡಿಗನಿಗಿಂತ ಹೆಚ್ಚಾಗಿ ನಂಬಿದವನೇ. ಡೌನ ಚಿತ್ರವೂ ಅದೇ ಪಾಠ ಹೇಳುತ್ತದೆ: ಮಂಕುಬೂದಿಗೆ ಮರುಳಾಗುವವರ ನಡುವೆ ತಾನೊಬ್ಬ ಎಚ್ಚರವಿರುವವನು ಎಂದು ಕಲಾವಿದ ಸಾರುತ್ತಿದ್ದಾನೆ.

ಉತ್ತರ 2:
ನನಗೆ ಒಪ್ಪಿಗೆಯಿಲ್ಲ. ಎಚ್ಚರವಿರುವವನಾದರೆ ಜನರ ಕಡೆ ನಿಲ್ಲಬೇಕಿತ್ತು, ಪಂಡಿತನ ಬೆನ್ನಿಗಲ್ಲ. ಡೌನ ಊರಾದ ಲೈಡನ್‌ನಲ್ಲೇ ಚಿತ್ರಕಾರ ಫಿಲಿಪ್ಸ್ ಆಂಗೆಲ್ 1641ರಲ್ಲಿ ಕಲಾವಿದರೆದುರು ಮಾಡಿ, ಮರುವರ್ಷ ಅಚ್ಚು ಹಾಕಿಸಿದ ಭಾಷಣದಲ್ಲಿ, ಇಲ್ಲದ್ದನ್ನು ಇದ್ದಂತೆ ತೋರಿಸುವ ಶಕ್ತಿಯನ್ನೇ ಚಿತ್ರಕಲೆಯ ಹಿರಿಮೆಯೆಂದು ಎತ್ತಿಹಿಡಿದು, ಡೌನನ್ನು ಹೊಗಳಿದ್ದಾನೆ. ಕುಂಚದ ಗುರುತೇ ಕಾಣದಷ್ಟು ನುಣುಪಾಗಿ ಬರೆದು ಕಣ್ಣಿಗೆ ಮೋಡಿ ಹಾಕುವವನು ಸೀಸೆಯವನಿಗೆ ಒಂದು ಬಗೆಯ ಸಹೋದ್ಯೋಗಿ. ವ್ಯತ್ಯಾಸವೆಂದರೆ ಚಿತ್ರಕಾರನ ಗಿರಾಕಿಗಳು ಮೋಸಹೋಗಲೆಂದೇ ಬರುತ್ತಾರೆ, ಹೋದದ್ದಕ್ಕೆ ಸಂತೋಷವನ್ನೂ ಪಡುತ್ತಾರೆ!

ಉತ್ತರ 3:
ವೆನಿಸ್‌ನ ಕಾ ರೆಝೋನಿಕೊ ವಸ್ತುಸಂಗ್ರಹಾಲಯದಲ್ಲಿ ಈಗಿರುವ, ಜಾಂಡೊಮೆನಿಕೊ ಟಿಯೆಪೊಲೊ 1791ರಲ್ಲಿ ತನ್ನ ಹಳ್ಳಿಮನೆಯ ಗೋಡೆಗೆ ಬರೆದ ‘ಹೊಸ ಲೋಕ’ ಭಿತ್ತಿಚಿತ್ರವನ್ನೂ ಸೇರಿಸಿಕೊಳ್ಳಿ. ನಮ್ಮ ಜಾತ್ರೆಯ ಬಯಾಸ್ಕೋಪ್ ಪೆಟ್ಟಿಗೆಯಂಥದ್ದಕ್ಕೆ ಜನ ಮುಗಿಬಿದ್ದಿದ್ದಾರೆ. ನಮಗೆ ಕಾಣುವುದು ಬಹುತೇಕ ಬೆನ್ನುಗಳೇ. ಬಲಬದಿಯಲ್ಲಿ ಪಕ್ಕಕ್ಕೆ ಮುಖ ಮಾಡಿ ನಿಂತ ಇಬ್ಬರನ್ನು ಕಲಾವಿದ ಮತ್ತು ಅವನ ತಂದೆಯೆಂದು ಗುರುತಿಸುವುದು ವಾಡಿಕೆ. ಇಲ್ಲಿ ಕಲಾವಿದ ಆಟ ತೋರಿಸುವವನ ಪಕ್ಕದಲ್ಲಿಲ್ಲ, ಸರತಿಗಾಗಿ ಕಾದ ಜನರ ನಡುವೆಯೇ ಇದ್ದಾನೆ.

ಪ್ರಶ್ನೆ ಕೇಳಿದವರು:
ಎರಡನೆಯ ಉತ್ತರ ಓದಿ ಚಿತ್ರವನ್ನು ಮತ್ತೆ ನೋಡಿದೆ. ಒಬ್ಬನ ಕೈಯಲ್ಲಿ ಸೀಸೆ, ಇನ್ನೊಬ್ಬನ ಕೈಯಲ್ಲಿ ಬಣ್ಣದ ಹಲಗೆ. ಇಬ್ಬರೂ ತಮ್ಮ ಸರಕನ್ನು ಕಾಣುವಂತೆಯೇ ಹಿಡಿದಿದ್ದಾರೆ.